ಲಿಂಬಿ ತೋಟದ ಬಾವಿಯಲ್ಲಿ ಸಮುದ್ರದ ಯಂತ್ರ

ಸಮುದ್ರದ ತಳದಲ್ಲಿ ಇಡೀ ಮಳೆಗಾಲ ಮಲಗಿದ್ದ ಉಪಕರಣವೊಂದನ್ನು ಮೊನ್ನೆ ನಮ್ಮ ಕಚೇರಿಯ ಹಿಂದಿನ ಅಂಗಳಕ್ಕೆ ತಂದಿಟ್ಟರು. ಮೈತುಂಬ ಚಿಪ್ಪು, ಜೊತೆಗೆ ಹಸಿರು ಪಾಚಿ. ಇಂಥದ್ದನ್ನು ಕೆರೆದು ತೊಳೆಯುವುದಕ್ಕೆ ನಮ್ಮಲ್ಲಿ ಬೇರೆ ಜನ ಇದ್ದಾರೆ. ಆದರೂ ಆ ಹಸಿ ಪಾಚಿಯ ವಾಸನೆ ಬಂತೆಂದರೆ ನನಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. ಸಮುದ್ರದ ಪಾಚಿಗೆ ಉಪ್ಪು, ಮೀನು ಬೆರೆತ ವಾಸನೆ. ಬಾವಿಯ ಪಾಚಿಗೆ ಕಲ್ಲಿನ, ನೆರಳಿನ ವಾಸನೆ. ಎರಡೂ ಬೇರೆ ಎಂದು ಮೂಗು ಬಲ್ಲದು. ಆದರೆ ನೆನಪು ಮೂಗಿನ ಮಾತನ್ನು ಅರ್ಧ ಕೇಳಿಸಿಕೊಂಡೇ ಓಡಿಬಿಡುತ್ತದೆ. ಬ್ರಷ್ಷು ಹಿಡಿದು ಕೂತವಳು ನೆಟ್ಟಗೆ ಇಂಡಿ ಊರಿನ ನಮ್ಮ ಲಿಂಬಿ ತೋಟಕ್ಕೆ, ನಮ್ಮ ಕಾಕುವಿನ, ಅಂದರೆ ಚಿಕ್ಕಮ್ಮನ, ಹತ್ತಿರ ಹೋಗಿ ನಿಂತಿದ್ದೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಬಳಗಕ್ಕೆ ಅದು ಇನ್ನೂ ಪೂರ್ತಿ ತಿಳಿದಿಲ್ಲ. ನಾನು ಸಮುದ್ರದ ತೆರೆಗಳನ್ನು ಅಳೆಯುತ್ತೇನೆ. ದಂಡೆಯ ಮೇಲೆ ನಿಂತು ಅಲ್ಲ. ತೆರೆಯ ಕೆಳಗೆ, ನೆಲದ ಮೇಲೆ ಒಂದು ಉಪಕರಣ ಇಟ್ಟು. ತೋಳಿನಷ್ಟು ದಪ್ಪ, ಮೊಳದುದ್ದದ ಲೋಹದ ಕೊಳವೆ ಅದು. ಮೇಲೆ ತೆರೆ ಹಾದುಹೋದಾಗ ನೀರಿನ ಭಾರ ಚೂರು ಹೆಚ್ಚುತ್ತದೆ, ತೆರೆ ದಾಟಿದ ಮೇಲೆ ಚೂರು ಇಳಿಯುತ್ತದೆ. ಆ ಚೂರನ್ನು ಅದು ಹಗಲು ರಾತ್ರಿ ಬರೆದಿಡುತ್ತದೆ. ಇದನ್ನು ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ತಿಳಿಸಲು ನಾನು ಹೊದ್ದುಕೊಳ್ಳುವ ಕೌದಿಯ ಮೊರೆ ಹೋಗಿದ್ದೆ. "ಆಯಿ, ನೀ ಕಣ್ಣ ಮುಚ್ಚಿ ಮಲಗಿದ್ರೂ ಮೈಮ್ಯಾಲೆ ಒಂದ ಕೌದಿ ಐತೋ ಎರಡ ಅದಾವೋ ಗೊತ್ತಾಗತೈತಲ್ಲ, ಹಂಗ."

ಆಯಿ ಕೇಳಿದಳು, "ಹೊಚ್ಚಾವ್ರು ಯಾರು?"

"ಗಾಳಿ. ಸಾವಿರಾರು ಮೈಲಿ ದೂರ ಬಿರುಗಾಳಿ ಎದ್ರ ಅದರ ತೆರಿ ವಾರ ಬಿಟ್ಟು ನಮ್ಮ ದಂಡಿಗೆ ಬರತಾವ. ಇಲ್ಲಿ ಗಾಳಿನ ಇರೂದಿಲ್ಲ, ತೆರಿ ಮಾತ್ರ ಬರತಾವ."

"ಅಂದ್ರ ಅಲ್ಲೆ ಜಗಳಾದ್ರ ಇಲ್ಲಿ ಸುದ್ದಿ ಬರತೈತಿ," ಎಂದಳು ಆಯಿ. ನಮ್ಮ ಸಂಸ್ಥೆಯ ಕೆಲಸವನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ನಾನು ಹೇಳಹೊರಟದ್ದು ಕೆಲವು ವರ್ಷಗಳ ಹಿಂದಿನ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬದ, ಮಾತು. ಇಂಥದೇ ಒಂದು ಉಪಕರಣ ಪುಣೆಯಲ್ಲಿ ರಿಪೇರಿಯಾಗಿ ಸಿದ್ಧವಿತ್ತು. ತರುವ ಕೆಲಸ ನನ್ನ ಪಾಲಿಗೆ ಬಂತು. ಸುತ್ತಾದರೂ ಸೊಲ್ಲಾಪುರದ ಮೇಲೆ ಬಂದು, ಇಂಡಿಯಲ್ಲಿ ಇಳಿದು ಹಬ್ಬ ಮುಗಿಸಿಕೊಂಡು ಹೋಗೋಣವೆಂದು ಅದನ್ನು ಹಳೆಯ ರಗ್ಗಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರು ಟಿಕೆಟ್ ಕೊಡುತ್ತ ರಗ್ಗಿನ ಅಂಚು ಸರಿಸಿ ನೋಡಿದ. "ಇದು ಏನ್ರೀ ಅಕ್ಕಾರ?" "ಸಮುದ್ರದ ತೆರಿ ಅಳಿಯೂದ್ರಿ." ಅವನು ಕಿಟಕಿಯ ಹೊರಗಿನ ಜೋಳದ ಹೊಲಗಳನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಮುಂದಿನ ಸೀಟಿಗೆ ಹೋದ.

ಇಂಡಿ ಇನ್ನೂ ದೂರವಿರುವಾಗ ನಮ್ಮ ಮೇಲಧಿಕಾರಿಯ ಫೋನು ಬಂತು. ಅವರು ಕರಾವಳಿಯವರು. ಕಚೇರಿಯ ಪರೀಕ್ಷೆಯ ತೊಟ್ಟಿ ಸೋರಲು ಹಿಡಿದಿದೆ, ಉಪಕರಣವನ್ನು ದೋಣಿಗೆ ಹತ್ತಿಸುವ ಮೊದಲು ಒಂದು ದಿನವಾದರೂ ನೀರಲ್ಲಿಟ್ಟು ನೋಡಬೇಕು ಎಂದರು. "ನಿಮ್ಮ ಊರಲ್ಲಿ ಬಾವಿ ಉಂಟಲ್ಲ? ಅದರಲ್ಲಿ ಮುಳುಗಿಸಿಡಿ. ನೀರು ಅಲುಗಾಡಬಾರದು, ಅಷ್ಟೇ." ಅವರು ತಮಾಷೆ ಮಾಡಿದ್ದರೋ ಏನೋ, ನನಗೆ ಇಂದಿಗೂ ಖಾತ್ರಿಯಿಲ್ಲ. ನಾನಂತೂ ನಿಜವೆಂದೇ ಹಿಡಿದೆ.

ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಇದನ್ನು ಹೇಳಿದ್ದೇ ತಡ, ತೋಟದ ಬಾವಿಗೆ ಕರ್ಫ್ಯೂ ಬಿತ್ತು. ಮೋಟಾರು ಬಂದ್. ಕೊಡ ಇಳಿಸುವುದು ಬಂದ್. ಪಕ್ಕದ ತೋಟದವರು ನೀರಿಗೆ ಬಂದರೆ ಕಾಕಾ ದೂರದಿಂದಲೇ ಕೈಯೆತ್ತಿ, "ಇವತ್ತ ಬ್ಯಾಡ್ರಪಾ, ನಮ್ಮ ಬಾವ್ಯಾಗ ಸಮುದ್ರದ ಪರೀಕ್ಷಾ ನಡದೈತಿ," ಎನ್ನುವನು. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ನೀರು ಬಾವಿಯ ಅರ್ಧ ಮೆಟ್ಟಿಲುಗಳವರೆಗೆ ಬಂದು ನಿಂತಿತ್ತು. ಹೊಸ ನೈಲಾನ್ ಹಗ್ಗ ತಂದುಕೊಟ್ಟ ಕಾಕಾ ತಾನೇ ಕಟ್ಟುತ್ತೇನೆಂದ. ನಾನು ಬಿಡಲಿಲ್ಲ. ಗಂಟು ಹಾಕುವುದರಲ್ಲಿ ನಮಗೆ ತರಬೇತಿಯೇ ಆಗಿದೆ ಎಂದೆ.

ಮರುದಿನ ಹಬ್ಬ. ಮನೆಯವರೆಲ್ಲ ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ತೋಟಕ್ಕೆ ಬಂದರು. ಪೂಜೆ ಆಗಿ, ಕಾಕಾ ಹೊಲದ ತುಂಬ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದ. ಊಟಕ್ಕೆ ಕೂರುವ ಮೊದಲು ಉಪಕರಣ ಮೇಲೆತ್ತಿಬಿಡೋಣವೆಂದು ನಾನು ಹಗ್ಗ ಎಳೆದೆ. ಹಗ್ಗ ಹಗುರವಾಗಿ, ಸರಸರನೆ ಬಂತು. ತುದಿಯಲ್ಲಿ ನನ್ನ ತರಬೇತಿಯ ಗಂಟು ಬಿಚ್ಚಿ ಹೋಗಿತ್ತು.

ಅಂಥ ಉಪಕರಣ ನಮ್ಮಲ್ಲಿ ಇದ್ದದ್ದೇ ಎರಡು. ಇನ್ನೊಂದು ಆಗಲೇ ಸಮುದ್ರ ಸೇರಿತ್ತು. ಇದು ಕೆಟ್ಟರೆ ಆ ಋತುವಿನ ಕೆಲಸವೇ ಮುಳುಗಿದಂತೆ. ಕಾಕಾ ಓಡಿಹೋಗಿ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತಂದು ಇಳಿಬಿಟ್ಟ. ಅದರ ಕೊಕ್ಕೆಗಳು ನುಣುಪಾದ ಕೊಳವೆಗೆ ತಾಗಿ ಠಣ್ ಠಣ್ ಎಂದು ಜಾರುವುದು ಕೈಗೆ ತಿಳಿಯುತ್ತಿತ್ತು. ಒಳಗೆ ನೀರಿನ ಭಾರ ಅಳೆಯುವ ಸೂಕ್ಷ್ಮ ತಗಡಿಗೆ ಪೆಟ್ಟಾದೀತೆಂದು ನಾನೇ ಬೇಡವೆಂದೆ. ಆಮೇಲೆ ಕಾಕಾ ಅಂಗಿ ಕಳಚಿ ಧುಡುಮ್ಮನೆ ಹಾರಿದ. ಅವನು ಚೆನ್ನಾಗಿ ಈಜುತ್ತಾನೆ; ತೊಂದರೆ ಎಂದರೆ ಮುಳುಗುವುದಿಲ್ಲ. ತಲೆ ಕೆಳಗೆ ಮಾಡಿ ಕಾಲು ಬಡಿದಷ್ಟೂ ಹೊಟ್ಟೆ ಅವನನ್ನು ಬೆಂಡಿನಂತೆ ಮೇಲಕ್ಕೆ ತಂದುಬಿಡುತ್ತಿತ್ತು. ತೋಟದ ಆಳುಗಳೆಲ್ಲ ಹಬ್ಬಕ್ಕೆ ತಮ್ಮ ಊರಿಗೆ ಹೋಗಿದ್ದರು. ಇನ್ನು ನನ್ನ ಮಾತು. ಅಪ್ಪನ ಬದಲಿ ನೌಕರಿಯಲ್ಲಿ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಬಾಡಿಗೆ ಮನೆಗಳ ನಳದ ನೀರಿನಲ್ಲಿ ಬೆಳೆದವಳು ನಾನು. ಸಮುದ್ರ ಅಳೆಯುವ ನನಗೆ ಈಜು ಬರುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಕಾಕು ನಿಂತಿದ್ದಳು. ನೀರನ್ನು ನೋಡುತ್ತಿದ್ದಳು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಕಾಕು ಅಗರಖೇಡದವಳು. ಭೀಮಾ ಹೊಳೆಯ ದಂಡೆಯಲ್ಲಿ ಹುಟ್ಟಿ, ನಡೆಯುವುದು ಮತ್ತು ಈಜುವುದು ಒಟ್ಟಿಗೇ ಕಲಿತವಳಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಬಿಸಿಲು ತಾಳದೆ, ಯಾರಿಗೂ ಹೇಳದೆ ಇದೇ ಬಾವಿಗೆ ಹಾರಿದಳು. ಹೊಸ ಸೊಸೆ ಬಾವಿಗೆ ಹಾರಿದಳೆಂದರೆ ಊರು ಏನೆಂದು ತಿಳಿಯುತ್ತದೆ, ನೀವೇ ಯೋಚಿಸಿ. ಕಳೆ ಕೀಳುತ್ತಿದ್ದ ಹೆಂಗಸರು ಬೊಬ್ಬೆ ಹಾಕಿದರು. ಅರ್ಧ ಊರು ಓಡಿ ಬಂತು. "ಈಜಾಕತ್ತೇನ್ರೀ, ಬಿಡ್ರಿ ನನ್ನ," ಎಂದು ಆಕೆ ಹೇಳುತ್ತಿದ್ದರೂ ಕೇಳದೆ ಜುಟ್ಟು ಹಿಡಿದು ಎಳೆದು ಹಾಕಿದರು. ಆಯಿ ಅಲ್ಲೇ ಎಚ್ಚರ ತಪ್ಪಿದಳು. ಎಚ್ಚರಾದ ಮೇಲೆ ಸೊಸೆಯ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು, ಇನ್ನು ಬಾವಿಗೆ ಇಳಿಯುವುದಿಲ್ಲ ಎಂದು ಆಣೆ ಮಾಡಿಸಿದಳು. ಕಾಕಾ ಇದನ್ನು ನಗೆಯ ಕತೆಯಾಗಿ ಹೇಳುತ್ತಿದ್ದ, ನಾವೂ ನಗುತ್ತಿದ್ದೆವು. ಕಾಕು ಆಗೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳೆಂಬುದು ನನಗೆ ಆ ದಿನ ಮೆಟ್ಟಿಲ ಮೇಲೆ ನಿಂತಾಗಲೇ ಹೊಳೆದದ್ದು. ಆಕೆಯ ಮಕ್ಕಳು ದೊಡ್ಡವರಾಗಿದ್ದರು, ತಲೆ ನರೆಯಲು ಹತ್ತಿತ್ತು. ಅಷ್ಟು ವರ್ಷವೂ ಆಣೆ ಹಾಗೇ ಇತ್ತು.

ಕಾಕು ತಿರುಗಿ, ಬೇವಿನ ಗಿಡದ ಕೆಳಗೆ ಕೂತಿದ್ದ ಆಯಿಯನ್ನು ನೋಡಿದಳು. "ಅತ್ತೀ, ಇಳೀಲೇನ್ರಿ?"

ಆಯಿ ಎದ್ದಳು. ಕೋಲೂರಿಕೊಂಡು ಮೆಲ್ಲಗೆ ಬಾವಿಯ ದಡಕ್ಕೆ ಬಂದಳು. ನೀರಿನಲ್ಲಿ ಏದುಸಿರು ಬಿಡುತ್ತಿದ್ದ ಮಗನನ್ನು ನೋಡಿದಳು, ಅಳುವ ಹಾಗಾಗಿದ್ದ ನನ್ನ ಮುಖ ನೋಡಿದಳು.

"ಆಣಿ ಹಾಕಿದಾಕಿ ನಾನ. ತಗಿಯಾಕಿನೂ ನಾನ," ಎಂದಳು. "ಇಳಿ. ಆದ್ರ ನಡಕ್ಕ ಹಗ್ಗಾ ಕಟಗೊ. ತುದಿ ನನ್ನ ಕೈಯಾಗ ಇರಲಿ."

ಗಂಟನ್ನು ಈ ಸಲ, ನೀರಿನಿಂದ ಮೇಲೆ ಬಂದ ಕಾಕಾ ಹಾಕಿದ. ಕಾಕು ಸೀರೆಯನ್ನು ಕಚ್ಚೆ ಕಟ್ಟಿ, ಮೂಗುತಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಕೊನೆಯ ಮೆಟ್ಟಿಲಿಂದ ನೀರಿಗೆ ಜಾರಿದಳು. ಸದ್ದೇ ಆಗಲಿಲ್ಲ. ಮೊದಲ ಸಲ ಬರಿಗೈಯಲ್ಲಿ ಬಂದಳು. "ಕೈಗೆ ಸಿಕ್ಕಿತ್ತು, ಕೆಸರಾಗ ಜಾರತೈತಿ," ಎಂದಳು. ನಾನು ಹಿಡಿಯುತ್ತೇನೆಂದರೂ ಆಯಿ ಹಗ್ಗ ಬಿಡಲಿಲ್ಲ. ಎರಡನೆಯ ಸಲ ಕಾಕು ಹೋದವಳು ಬಹಳ ಹೊತ್ತು ಬರಲಿಲ್ಲ. ಬಹಳ ಹೊತ್ತು ಎಂದರೆ ನಮ್ಮ ಎದೆಗೆ ಅನಿಸಿದಷ್ಟು. ಆಮೇಲೆ ಮೊದಲು ಕೊಳವೆ ಮೇಲೆ ಬಂತು, ಅದರ ಹಿಂದೆ ಕಾಕುವಿನ ತಲೆ ಬಂತು. ಕಾಕಾ ಅದನ್ನು ಇಸಿದುಕೊಂಡು ಮೆಟ್ಟಿಲ ಮೇಲೆ, ನನ್ನ ಕಾಲ ಬಳಿ ಇಟ್ಟ.

ಕಾಕು ಮಾತ್ರ ಮೇಲೆ ಬರಲಿಲ್ಲ. ಅಂಗಾತ ಮಲಗಿ ಆಕಾಶ ನೋಡುತ್ತ ಒಂದು ಸುತ್ತು ಹೊಡೆದಳು. ಮತ್ತೆ ಮಗ್ಗುಲಾಗಿ ಇನ್ನೊಂದು ಸುತ್ತು. ಆಯಿ ಹಗ್ಗ ಸಡಿಲ ಬಿಡುತ್ತ, ಎಳೆಯುತ್ತ, ದಡದ ಗುಂಟ ತಾನೂ ಹೆಜ್ಜೆ ಹಾಕುತ್ತಿದ್ದಳು.

"ಸಾಕ ಬಾರವ್ವಾ, ಭಜ್ಜಿ ಆರತೈತಿ."

"ಆರಲಿರಿ," ಎಂದಳು ಕಾಕು. ನಾನು ಕಂಡಂತೆ ಅತ್ತೆಗೆ ಆಕೆ ಎದುರಾಡಿದ್ದು ಅದೇ ಮೊದಲು. ಆಯಿ ನಕ್ಕಳು. ನಾವು ಆರಿದ ಭಜ್ಜಿಯನ್ನೇ ಉಂಡೆವು.

ಊಟದ ಮೇಲೆ ಬೇವಿನ ನೆರಳಿನಲ್ಲಿ ಲ್ಯಾಪ್‌ಟಾಪ್ ತೆಗೆದು ಉಪಕರಣ ಬರೆದಿದ್ದನ್ನು ನೋಡಿದೆ. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ರಾತ್ರಿಯಿಡೀ ಗೆರೆ ನೆಟ್ಟಗೆ ಮಲಗಿತ್ತು. ಗಂಟು ಬಿಚ್ಚಿದ ಕಡೆ ಒಂದು ಮೆಟ್ಟಿಲು. ಕಾಕಾ ಹಾರಿದ ಕಡೆ ಭೂಕಂಪ. ಅದೆಲ್ಲ ತಣ್ಣಗಾದ ಮೇಲೆ ಒಂದು ಸಣ್ಣ ಏರು ಇತ್ತು, ಜೋಳದ ಕಾಳಿನ ದಪ್ಪವೂ ಇಲ್ಲದ್ದು. ಕಾಕು ನೀರಿಗೆ ಇಳಿದಾಗ ಬಾವಿ ಅಷ್ಟು ಮೇಲೆದ್ದಿತ್ತು.

"ಇದರಾಗ ನನ್ನ ಸೊಸಿ ಎಲ್ಲಿ?" ಎಂದು ಆಯಿ ಕೇಳಿದಳು. ತೋರಿಸಿದೆ.

"ಇಷ್ಟ ಸಣ್ಣ?"

"ಸದ್ದಿಲ್ಲದ ಇಳದಾಳ, ಆಯಿ."

"ಸದ್ದಿಲ್ಲದ ಇಳದ್ರೂ ಬರದೈತಲ್ಲ," ಎಂದು ಆಯಿ ಬೆರಳಿನಿಂದ ಪರದೆಯ ಮೇಲೆ ಆ ಜಾಗವನ್ನು ಮುಟ್ಟಿದಳು. ಕಾಕು ಒದ್ದೆ ಕೂದಲು ಹರವಿಕೊಂಡು ಬಿಸಿಲಿಗೆ ಬೆನ್ನು ಹಾಕಿ ಕೂತಿದ್ದಳು. ಆಕೆಯ ಆ ಎರಡು ಸುತ್ತು ಮಾತ್ರ ಎಲ್ಲಿಯೂ ದಾಖಲಾಗಿರಲಿಲ್ಲ. ಆಗ ಉಪಕರಣ ಮೆಟ್ಟಿಲ ಮೇಲಿತ್ತು.

ಮೇಲಧಿಕಾರಿಗೆ ಎಲ್ಲವನ್ನೂ ಕಳಿಸಿದೆ. ಸಂಜೆ ಫೋನು ಬಂತು. "ಕೊನೆಗೆ ಈ ಸಣ್ಣ ಏರು, ಇದು ಎಂಥದು?"

"ನಮ್ಮ ಕಾಕು ಸರ್. ನೀರಿಗೆ ಇಳಿದಾಗಿನದು."

"ಹಾಗಾದರೆ ಉಪಕರಣ ಸರಿ ಉಂಟು," ಎಂದರು.

ಅಂದಿನಿಂದ ಕಾಕು ಬಿಸಿಲು ಏರಿದ ದಿನಗಳಲ್ಲೆಲ್ಲ ಬಾವಿಗೆ ಇಳಿಯುತ್ತಾಳೆ. ಓಣಿಯ ಹುಡುಗಿಯರು ಒಬ್ಬೊಬ್ಬರೇ ಬಂದು ಸೇರಿಕೊಂಡರು. ಎರಡು ಬೇಸಿಗೆ ನಾನೂ ಹೋಗಿ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಸಿಕೊಂಡು, ನನ್ನ ಅರ್ಧ ವಯಸ್ಸೂ ಇಲ್ಲದವರ ನಡುವೆ ಕೈಕಾಲು ಬಡಿದೆ. "ನೀರ ಜತಿ ಜಗಳಾ ಮಾಡಬ್ಯಾಡ, ಅದರ ಮ್ಯಾಲೆ ಒರಗು," ಎಂದು ಕಾಕು ಹೇಳುತ್ತಿದ್ದಳು. ಕೊನೆಗೆ ಡಬ್ಬಿ ಬಿಚ್ಚಿದರು. ಆದರೂ ಸಮುದ್ರದಲ್ಲಿ ಮೊಳಕಾಲು ದಾಟಿ ಹೋಗುವ ಧೈರ್ಯ ಬಂದಿರಲಿಲ್ಲ. ಬಾವಿಗೆ ಗೋಡೆ ಇರುತ್ತದೆ, ನೋಡಿ.

ಮೊನ್ನೆ ಪಾಚಿ ತೊಳೆದು ಕೈ ಒರೆಸಿಕೊಂಡ ಮೇಲೆ ನಾನು ಮನೆಗೆ ಹೋಗಲಿಲ್ಲ. ಇನ್ನೂ ಬಿಸಿಲಿತ್ತು. ಚಪ್ಪಲಿ ಬಿಟ್ಟು, ನೀರಿನಲ್ಲಿ ಆಡುತ್ತಿದ್ದ ಜನರ ಪಕ್ಕದಲ್ಲೇ ಒಳಗೆ ನಡೆದೆ. ಸೊಂಟ, ಎದೆ, ಕುತ್ತಿಗೆ. ಆಗ ದೂರದಿಂದ ಉದ್ದನೆಯ, ನಿಧಾನದ ತೆರೆಯೊಂದು ಬಂದು ನನ್ನ ಕಾಲನ್ನು ಮರಳಿನಿಂದ ಬಿಡಿಸಿ, ಮೆಲ್ಲಗೆ ಎತ್ತಿ, ಮತ್ತೆ ಇಳಿಸಿತು. ಎಷ್ಟು ಎತ್ತರವಿತ್ತು ಎಂದು ಮಾತ್ರ ಕೇಳಬೇಡಿ. ನಾನು ಕಣ್ಣು ಮುಚ್ಚಿದ್ದೆ.