ಹೊಗೆಗೆ ಕೆಂಪಾದ ಕಣ್ಣು

ನೆರೆಮನೆಯ ಚಿಕ್ಕಿ ಸತ್ತು ಹನ್ನೆರಡು ದಿನವಾಯಿತು. ನಮ್ಮೂರು ನೂಲ್ಪುಳದ ಅಂಗನವಾಡಿಯಲ್ಲಿ ಒಂಬತ್ತು ವರ್ಷ ಮಕ್ಕಳಿಗೆ ಗಂಜಿ ಬೇಯಿಸಿದವಳು. ಆ ಅಡುಗೆಮನೆಗೆ ಮರಳಬೇಕೆಂಬುದೊಂದೇ ಕೊನೆಯವರೆಗೆ ಅವಳ ಆಸೆಯಾಗಿತ್ತು.

ಕೊಯ್ಲಿನಲ್ಲಿ ಭತ್ತದ ಗರಿ ಎಡಗಣ್ಣಿಗೆ ಚುಚ್ಚಿ ಕೀವಾಯಿತು. ಆಸ್ಪತ್ರೆಯಲ್ಲಿ ಕಣ್ಣನ್ನೇ ತೆಗೆದರು. ಗುಳಿ ಕುಗ್ಗದಿರಲೆಂದು ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪೊಂದನ್ನು ಇಟ್ಟು, ಇಂಗ್ಲಿಷ್ ಚೀಟಿ ಕೊಟ್ಟು ಕಳಿಸಿದರು. ಅದೇ ಹೊಸ ಕಣ್ಣೆಂದು ಅವಳು ತಿಳಿದಳು.

“ಕಿಟಕಿ ಇಕ್ಕವ್ರೆ ಸುಕನ್ಯಕ್ಕ, ಒಳ್ಗೆ ಯಾರೂ ಇಲ್ಲೆ,” ಎಂದು ನನ್ನನ್ನು ನೋಡಿ ನಕ್ಕಳು.

ಎರಡು ವರ್ಷ ಅದನ್ನೇ ಇಟ್ಟುಕೊಂಡಿದ್ದಳು. ಕೀವು ಸೋರಿತು, ನಾತ ಬಂತು, ನೊಣ ಕೂತಿತು. ತಾಯಂದಿರು ದೂರಿದರು, ಟೀಚರ್ ಶೋಭ ಅವಳನ್ನು ಮನೆಗೆ ಕಳಿಸಿದಳು. ಅವಳ ಕೈಯ ಗಂಜಿಗೆ ಹೇಸಿದ ಆ ಹೆಂಗಸರ ಮಕ್ಕಳ ಹೇಲನ್ನು ತೊಳೆದಿದ್ದು ಅದೇ ಕೈ. ನಾನೇನು ಕಡಿಮೆ? ಆ ಕಣ್ಣು ಕಾಣದಂತೆ ಅವಳ ಬಲಕ್ಕೇ ಕೂರುತ್ತಿದ್ದೆ. ಮನೆ ತುಂಬ ಪುಸ್ತಕವಿಟ್ಟುಕೊಂಡ ನಾನು ಆ ಒಂದು ಚೀಟಿಯನ್ನು ಕೇಳಿ ಪಡೆದು ಓದಿದ್ದು ಕೆಲಸ ಹೋದ ಮೇಲೆ. ಆರು ವಾರಕ್ಕೆ ಬಂದು ಕಣ್ಣಿನ ಅಳತೆ ಕೊಡಬೇಕೆಂದು ಅದರಲ್ಲಿತ್ತು.

ಕಲ್ಪೆಟ್ಟ ಪೇಟೆಗೆ ಅವಳನ್ನು ಕರೆದೊಯ್ದೆ. ಕೃತಕ ಕಣ್ಣು ಮಾಡುವ ಅಚ್ಯುತನ್ ಚಿಪ್ಪು ತೆಗೆದರು. ಮೂಗು ಮುಚ್ಚಿಕೊಳ್ಳಲಿಲ್ಲ.

“ಇದು ಆರು ವಾರದ್ದು. ಯಾಕಮ್ಮ ಬರಲಿಲ್ಲ?”

“ಇದು ಸಾಲ್ದು, ಇನ್ನೊಂದು ಕೊಡಿ ಅನ್ನಕ್ಕೆ ನಾ ಏನು ಪಂಚಾಯತ್ ಮೆಂಬರಾ ಸಾರ್?”

ಮೊದಲು ಕೀವು ಒಣಗಬೇಕಾಯಿತು. ಕುಗ್ಗಿದ್ದ ಗುಳಿ ಅಗಲವಾಗಲೆಂದು ತಿಂಗಳಿಗೊಂದರಂತೆ ದೊಡ್ಡ ಚಿಪ್ಪು ಹಾಕಿದರು. ಆಮೇಲೆ ಅಚ್ಚು ತೆಗೆದು, ಬಲಗಣ್ಣನ್ನು ನೋಡಿ ನೋಡಿ ಬಣ್ಣ ಬಳಿದರು. ಬಿಳಿಯ ಭಾಗಕ್ಕೆ ಬಂದಾಗ ಚಿಕ್ಕಿ ತಡೆದಳು.

“ಅಷ್ಟು ಬೆಳ್ಳಗೆ ಬ್ಯಾಡ ಸಾರ್. ಹೊಗೆಗೆ ಕೆಂಪಾಗ್ತದಲ್ಲ, ಹಂಗಿರ್ಲಿ. ನಾ ಅಡುಗೆಯವ್ಳು.”

ಅಚ್ಯುತನ್ ಕೆಂಪು ನೂಲಿನ ಎಳೆಗಳನ್ನು ನರದಂತೆ ಕೂರಿಸಿದರು.

ಹೊಸ ಕಣ್ಣು ಹಾಕಿದ ಮರುದಿನವೇ ಅವಳು ಮಿಂದು ಅಂಗನವಾಡಿಗೆ ಹೋದಳು. ಶೋಭ ಬಾಗಿಲಲ್ಲೇ ನಿಲ್ಲಿಸಿದಳು.

“ರೆಪ್ಪೆ ಪೂರ್ತಿ ಮುಚ್ಚಲ್ವಲ್ಲ ಚಿಕ್ಕಿ. ಮಕ್ಕಳು ಹೆದರ್ತಾರೆ.”

ಒಳಗಿಂದ ಒಂದು ಮಗು “ಚಿಕ್ಕಿ ಚೇಚಿ!” ಎಂದು ಅಕ್ಕನನ್ನು ಕರೆವಂತೆ ಖುಷಿಯಿಂದ ಕೂಗಿದ್ದು ಜೊತೆಗೆ ಹೋಗಿದ್ದ ನನಗೂ ಕೇಳಿಸಿತು.

ಆ ಮಳೆಗಾಲದಲ್ಲೇ ಇಲಿಜ್ವರ ಅವಳನ್ನು ಕೊಂದಿತು. ಹೆಣ ನೋಡಲು ಆ ಹೆಂಗಸರೆಲ್ಲ ಬಂದರು. ಬಲಗಣ್ಣು ಮುಚ್ಚಿತ್ತು, ಎಡದ್ದು ಅರೆ ತೆರೆದಿತ್ತು. ನಾತವೇ ಇಲ್ಲದಿದ್ದರೂ ಶೋಭ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಇನ್ನೊಂದು ಕೈ ಚಾಚಿದಳು.

“ಅಯ್ಯೋ, ಅದನ್ನಾದ್ರೂ ಮುಚ್ಚಿ.”

ಚಿಕ್ಕಿಯ ಗಂಡ ಬಾಲನ್ ಆ ಕೈಯನ್ನು ಸರಿಸಿದ.

“ಬುಡಿ ಟೀಚರೆ. ನೋಡ್ಲಿ.”

ಹಾಗೆಯೇ ಮಣ್ಣು ಮಾಡಿದೆವು.