ಗುತ್ತಿಗೆದಾರಳು ಗುರುಬಾಯಿ

ಗುರುಬಾಯಿ ರಬಕವಿಯಲ್ಲಿ ಹುಟ್ಟಿ ಬನಹಟ್ಟಿಗೆ ಸೊಸೆಯಾಗಿ ಬಂದವಳು. ಗಂಡ ರಾಮಲಿಂಗಪ್ಪನಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮ್ ಇದ್ದವು. ಅವನು ಸೀರೆ ನೇಯುತ್ತಿದ್ದ, ಇವಳು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ನಲವತ್ತೈದು ತುಂಬುವ ಮೊದಲೇ ಅವನಿಗೆ ಲಕ್ವ ಹೊಡೆಯಿತು. ಮೂರು ವರ್ಷ ಹಾಸಿಗೆಯಲ್ಲೇ ಇದ್ದ. ಹಾಸಿಗೆ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿಯ ಕೆಳಗೆ ಬಟ್ಟೆ ಮಡಚಿ ಇಡುವುದು, ಬೆನ್ನನ್ನು ಒರೆಸಿ ಒಣಗಿಸುವುದು, ಇದನ್ನೆಲ್ಲ ಅವಳು ಯಾರಿಂದಲೂ ಕಲಿಯಲಿಲ್ಲ. ಸತ್ತಾಗ ಅವನ ಮೈ ತೊಳೆದವರು, ಬೆನ್ನ ಮೇಲೆ ಒಂದು ಕೆಂಪು ಗುರುತು ಸಹ ಇಲ್ಲವೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಆ ಮಾತು ಜಮಖಂಡಿಯ ಮಂಗಲಾಳ ಕಿವಿಗೂ ಬಿತ್ತು. ಮಂಗಲಾ ಹಿಂದೆ ನರ್ಸ್ ಆಗಿದ್ದವಳು. ಈಗ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಮನೆಮನೆಗೆ ಹೆಂಗಸರನ್ನು ಕಳಿಸುವ ಏಜೆನ್ಸಿ ನಡೆಸುತ್ತಿದ್ದಳು. ಮಗ್ಗ ಮಾರಿ ಮಗಳು ಉಜ್ವಲಾಳನ್ನು ಮುಧೋಳಕ್ಕೆ ಮದುವೆ ಮಾಡಿಕೊಟ್ಟು ಒಬ್ಬಳೇ ಉಳಿದಿದ್ದ ಗುರುಬಾಯಿಗೆ ಅವಳೇ ಕರೆದು ಕೆಲಸ ಕೊಟ್ಟಳು.

ಕಳಿಸಿದ್ದು ಜಮಖಂಡಿಯ ಬಸಗೊಂಡಪ್ಪನ ಮನೆಗೆ. ಹಿಪ್ಪರಗಿಯ ಕಡೆ ನೀರಾವರಿ ಹೊಲ, ಕಬ್ಬು, ಮೂರು ಟ್ರ್ಯಾಕ್ಟರ್ ಇದ್ದ ಮನೆ. ಮುದುಕನಿಗೆ ಬಲಗೈ, ಬಲಗಾಲು ಹೋಗಿದ್ದವು. ಮಾತು ಹೋಗಿ ಬರಿಯ ಗೊಗ್ಗರು ದನಿ ಉಳಿದಿತ್ತು. ಎಡಗೈಯಲ್ಲಿ ಮಾತ್ರ ಮೊದಲಿನ ಶಕ್ತಿ ಹಾಗೇ ಇತ್ತು. ಜೀವಮಾನವೆಲ್ಲ ಆಳುಗಳನ್ನು ಬಯ್ದು ಬಾಳಿದವನು ಬಯ್ಯಲಾಗದೆ ಚಿವುಟುತ್ತಿದ್ದ. ಗುರುಬಾಯಿ ಮಗ್ಗುಲು ಬದಲಿಸಲು ಬಗ್ಗಿದಾಗ ಅವಳ ತೋಳಿನ ಒಳಭಾಗದ ಮೆತ್ತಗಿನ ಚರ್ಮ ಹುಡುಕಿ, ಉಗುರು ಇಳಿಸಿ ತಿರುವುತ್ತಿದ್ದ. ಅವಳು ಕೂಗಿದರೆ ಅವನ ಕಣ್ಣು ಹೊಳೆಯುತ್ತಿತ್ತು.

ಪ್ರತಿ ಶನಿವಾರ ಮಂಗಲಾ ಸ್ಕೂಟಿಯ ಮೇಲೆ ಬರುತ್ತಿದ್ದಳು. ಬಂದವಳೇ ಹೊದಿಕೆ ಎತ್ತಿ ಹಿಮ್ಮಡಿ, ಸೊಂಟ, ಬೆನ್ನು ನೋಡುತ್ತಿದ್ದಳು. ಎರಡನೇ ಶನಿವಾರ ಗುರುಬಾಯಿಯ ತೋಳನ್ನೂ ನೋಡಿದಳು. ಮುದುಕನ ಹತ್ತಿರ ಹೋಗಿ, ಇನ್ನೊಮ್ಮೆ ಹೀಗಾದರೆ ಆಳನ್ನು ಕರಕೊಂಡು ಹೋಗುತ್ತೇನೆ, ಆಮೇಲೆ ನಿಮ್ಮ ಸೊಸೆ ನಿಮ್ಮ ಬಟ್ಟೆ ಬದಲಿಸಲಿ ಎಂದು ಸೊಸೆಯ ಎದುರಿಗೇ ಹೇಳಿದಳು. ಚಿವುಟುವುದು ಅಂದಿಗೆ ನಿಂತಿತು. ಮಂಗಲಾಳ ಕರಾರುಗಳು ಗಟ್ಟಿಯಾಗಿದ್ದವು. ಬೆಳಗಿನ ಎಂಟರಿಂದ ಸಂಜೆ ಎಂಟರವರೆಗೆ ಕೆಲಸ, ವಾರಕ್ಕೊಂದು ದಿನ ರಜೆ, ರಜೆಯ ದಿನ ಏಜೆನ್ಸಿಯಿಂದಲೇ ಬದಲಿ. ಮುದುಕನನ್ನು ಎತ್ತುವಾಗ ಮನೆಯವರು ಒಬ್ಬ ಗಂಡಾಳನ್ನು ಕೊಡಬೇಕು. ಅಡಿಗೆ, ಪಾತ್ರೆ ಮಾಡಿಸಕೂಡದು. ಎತ್ತಲು ಮನೆಯ ಟ್ರ್ಯಾಕ್ಟರ್ ಡ್ರೈವರ್ ಹುಲೆಪ್ಪ ಬರುತ್ತಿದ್ದ.

ಒಂದು ದಿನ ಚಹಾ ಕುಡಿಯುತ್ತ ಗುರುಬಾಯಿ ಆ ಮನೆಯ ಸೊಸೆ ಐಶ್ವರ್ಯಳಿಗೆ ತನ್ನ ಸಂಬಳ ಹೇಳಿಬಿಟ್ಟಳು. ತಾವು ಕೊಡುತ್ತಿದ್ದುದರಲ್ಲಿ ಮೂರನೇ ಒಂದು ಪಾಲು ಮಂಗಲಾಳ ಕೈಯಲ್ಲೇ ಉಳಿಯುತ್ತದೆ ಎಂದು ಐಶ್ವರ್ಯಳಿಗೆ ಅಂದು ಗೊತ್ತಾಯಿತು. ಮರುದಿನ ಗಂಡ ಸಂಜಯನನ್ನೂ ಕೂರಿಸಿಕೊಂಡು ಗುರುಬಾಯಿಯೊಡನೆ ಮಾತಾಡಿದಳು. ನಡುವಿನವಳನ್ನು ಬಿಟ್ಟು ನೇರ ನಿನಗೇ ಕೊಡುತ್ತೇವೆ, ನಿನಗೂ ಹೆಚ್ಚು, ನಮಗೂ ಉಳಿತಾಯ ಎಂದರು. ಗುರುಬಾಯಿ ಯೋಚಿಸಲು ಒಂದು ರಾತ್ರಿಯನ್ನೂ ಕೇಳಲಿಲ್ಲ.

ಏಜೆನ್ಸಿಯ ಕಚೇರಿಗೆ ಹೋಗಿ ಇತರ ಹೆಂಗಸರ ಎದುರಿಗೇ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಒಗೆದಳು. ತಮ್ಮ ಸೊಂಟ ಮುರಿದ ದುಡ್ಡಿನಲ್ಲಿ ಮಂಗಲಾ ಸ್ಕೂಟಿ ಓಡಿಸುತ್ತಾಳೆ ಎಂದಳು. ಕೂತಿದ್ದ ಹೆಂಗಸರು ನಕ್ಕರು. ಅವರಲ್ಲಿ ಇಬ್ಬರು ಆ ತಿಂಗಳೇ ತಾವಿದ್ದ ಮನೆಗಳೊಡನೆ ನೇರ ಮಾತಾಡಿಕೊಂಡು ಬಿಟ್ಟುಹೋದರು. ಮಂಗಲಾ ಮಾತ್ರ ದನಿ ಏರಿಸಲಿಲ್ಲ.

“ಹೋಗವಾ. ರೊಕ್ಕ ಜಾಸ್ತಿ ಸಿಗತೈತಿ, ಖರೆ. ಆದ್ರ ನಾಳೆ ಏನರ ಆದ್ರ ನಿನ್ನ ಪರವಾಗಿ ಅವ್ರ ಮನಿ ಬಾಗಿಲದಾಗ ನಿಂದ್ರಾಕ ಯಾರೂ ಇರಂಗಿಲ್ಲ. ನನ್ನ ಕಡಿ ಬರಬ್ಯಾಡ.”

ಸಂಜಯ ಕಬ್ಬು ಕಡಿಸುವುದು, ಸಾಗಿಸುವುದು ಎಲ್ಲವನ್ನೂ ಗುತ್ತಿಗೆ ಕೊಟ್ಟು ಪಳಗಿದವನು. ಇದಕ್ಕೂ ಒಂದು ಕಾಗದ ಮಾಡಿಸಿದ. ಗುರುಬಾಯಿ ಆಳಲ್ಲ, ಸ್ವತಂತ್ರ ಗುತ್ತಿಗೆದಾರಳು, ರೋಗಿಯ ಆರೈಕೆಯ ಪೂರ್ತಿ ಜವಾಬ್ದಾರಿ ಅವಳದು ಎಂದು ಅದರಲ್ಲಿತ್ತು. ಗುರುಬಾಯಿಗೆ ಆ ಶಬ್ದ ಬಹಳ ಹಿಡಿಸಿತು. ಸಹಿ ಮಾಡಿ ಬಂದು ಉಜ್ವಲಾಳಿಗೆ ಫೋನು ಹಚ್ಚಿ, ನಿಮ್ಮವ್ವ ಈಗ ಗುತ್ತಿಗೆದಾರಳು ಎಂದು ಹೇಳಿ ನಕ್ಕಳು. ಉಜ್ವಲಾ ಮುಧೋಳದ ಸೀರೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದಳು. ಅವಳೂ ನಕ್ಕಳು.

ಮೊದಲ ತಿಂಗಳು ಹೆಚ್ಚಿನ ದುಡ್ಡು ಸರಿಯಾಗಿ ಬಂತು. ಎರಡನೇ ತಿಂಗಳು ರಜೆ ಕೇಳಿದಾಗ ಸಂಜಯ, ಬದಲಿ ಆಳನ್ನು ನೀನೇ ತಂದು ನಿಲ್ಲಿಸಿ ಹೋಗು ಎಂದ. ಹಾಗೆ ಬರುವವರು ಯಾರೂ ಇರಲಿಲ್ಲ, ರಜೆ ಹೋಯಿತು. ಕಬ್ಬಿನ ಸುಗ್ಗಿ ಸುರುವಾಗಿ ಹುಲೆಪ್ಪ ಹೊಲಕ್ಕೆ ಹೋದ. ಒಬ್ಬಳಿಗೇ ಎತ್ತಲಾಗುವುದಿಲ್ಲ ಎಂದರೆ, ಗುತ್ತಿಗೆ ಹಿಡಿದವರು ಆಳು ಎಷ್ಟು ಬೇಕೆಂದು ಮೊದಲೇ ನೋಡಿಕೊಳ್ಳಬೇಕು ಎಂಬ ಉತ್ತರ ಬಂತು. ಬಸ್ಸಿನ ಖರ್ಚು ಯಾಕೆ, ಇಲ್ಲೇ ಇರು ಎಂದು ಐಶ್ವರ್ಯ ಮುದುಕನ ಕೋಣೆಯಲ್ಲೇ ಒಂದು ಚಾಪೆ ಹಾಕಿಕೊಟ್ಟಳು. ಇದ್ದ ಮೇಲೆ ಬೆಳಗಿನ ರೊಟ್ಟಿ ಬಡಿಯುವುದೂ ಅವಳ ಪಾಲಿಗೆ ಬಂತು. ಗುರುಬಾಯಕ್ಕ ಎಂದು ಕರೆಯುತ್ತಿದ್ದವಳು ಗುರುಬಾಯಿ ಎನ್ನತೊಡಗಿದಳು.

ಮೊದಲ ತಿಂಗಳಲ್ಲೇ ಮೂರು ಶನಿವಾರ ಸ್ಕೂಟಿಯ ಸಪ್ಪಳ ಕೇಳದಿದ್ದಾಗ ಮುದುಕನಿಗೆ ಎಲ್ಲ ತಿಳಿಯಿತು. ನಾಲ್ಕನೆಯ ವಾರ ಚಿವುಟಿದ. ಅವಳ ತೋಳು ನೀಲಿಗಟ್ಟಿತು. ತಾಳಿ ತಾಳಿ ಒಂದು ದಿನ ತೋಳು ಮೇಲೆತ್ತಿ ಐಶ್ವರ್ಯಳಿಗೆ ತೋರಿಸಿದಳು. ಐಶ್ವರ್ಯ ನೋಡಿ, ಒಳಗೆ ಹೋಗಿ, ತನ್ನ ಎರಡು ಹಳೆಯ ಕುಪ್ಪಸ ತಂದುಕೊಟ್ಟಳು.

“ಹಿರೇರಿಗೆ ಬುದ್ಧಿ ಎಲ್ಲೈತಿ? ಇವು ತೋಳು ಉದ್ದ ಅದಾವ. ಹಾಕ್ಕೋ, ಮಂದಿಗೆ ಕಾಣಂಗಿಲ್ಲ.”

ಅಂದು ಮಧ್ಯಾಹ್ನ ಮುದುಕ ನೀರಿಗೆ ಕೈ ಮಾಡಿದ. ಗುರುಬಾಯಿ ಲೋಟ ತುಂಬಿ ತಂದು ಅವನಿಗೆ ಕಾಣುವ ಹಾಗೆ, ಕೈಗೆ ಸಿಗದ ಹಾಗೆ ಕಿಟಕಿಯ ಮೇಲೆ ಇಟ್ಟು ಕೂತಳು. ಅವನು ನೀರನ್ನೇ ನೋಡುತ್ತಿದ್ದ. ಇವಳು ಅವನನ್ನು ನೋಡುತ್ತಿದ್ದಳು. ಅರ್ಧ ತಾಸಾದ ಮೇಲೆ ಕುಡಿಸಿದಳು. ಮರುದಿನ ಅವನು ಚಿವುಟಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಒಂದು ಮಾತು. ಆದರೆ ಅವನು ಚಿವುಟದ ದಿನವೂ ಅವಳು ಲೋಟವನ್ನು ಕಿಟಕಿಯ ಮೇಲೇ ಇಟ್ಟಳು. ಆ ಅರ್ಧ ತಾಸು ಅವಳಿಗೆ ದಿನದಲ್ಲಿ ಎಲ್ಲಕ್ಕಿಂತ ಹಗುರಾದ ಹೊತ್ತಾಯಿತು. ಇದನ್ನು ಅವಳೇ ಮುಂದೆ ಮಗಳಿಗೆ ಹೇಳಿದ್ದು.

ಒಬ್ಬಳೇ ಎತ್ತಿ ಎತ್ತಿ ಅವಳ ಸೊಂಟ ಹಿಡಿದುಕೊಂಡಿತ್ತು. ದಿನಕ್ಕೆ ಹನ್ನೆರಡು ಸಲ ಮುದುಕನ ಮಗ್ಗುಲು ತಿರುವುತ್ತಿದ್ದವಳು ಆರು ಸಲಕ್ಕೆ ಇಳಿಸಿದಳು, ಆಮೇಲೆ ಎರಡಕ್ಕೆ. ಒಂದು ಬೆಳಿಗ್ಗೆ ಮುದುಕನ ಸೊಂಟದ ಕೆಳಗೆ ರೂಪಾಯಿಯಷ್ಟಗಲ ಕೆಂಪು ಕಂಡಿತು. ಬೆರಳಿನಿಂದ ಒತ್ತಿ ನೋಡಿದಳು. ಬೆರಳು ತೆಗೆದರೂ ಕೆಂಪು ಕೆಂಪಾಗಿಯೇ ಉಳಿಯಿತು. ಇನ್ನು ನಾಲ್ಕು ದಿನದಲ್ಲಿ ಅದು ಏನಾಗುತ್ತದೆ, ಹತ್ತು ದಿನದಲ್ಲಿ ಏನಾಗುತ್ತದೆ ಎಂದು ಜಮಖಂಡಿಯಲ್ಲಿ ಅವಳಷ್ಟು ಬಲ್ಲವರು ಕಡಿಮೆ. ಪೌಡರ್ ಉದುರಿಸಿ ಹೊದಿಕೆ ಎಳೆದಳು. ಅಂದಿನಿಂದ ತಿರುವುವುದನ್ನೇ ಬಿಟ್ಟಳು.

ಮುದುಕ ಹೇಳಲು ನೋಡದೆ ಇರಲಿಲ್ಲ. ಸಂಜಯ ದಿನಕ್ಕೊಮ್ಮೆ ಬಾಗಿಲಿನವರೆಗೆ ಬರುತ್ತಿದ್ದ. ಅವನನ್ನು ಕಂಡರೆ ಮುದುಕ ಎಡಗೈಯಿಂದ ಹೊದಿಕೆ ಕಿತ್ತೊಗೆಯಲು ಹೆಣಗುತ್ತಿದ್ದ. ಸೆಕೆಯಾಗಿರಬೇಕೆಂದು ಸಂಜಯ ಫ್ಯಾನು ಜೋರು ಮಾಡಿ ಹೋಗುತ್ತಿದ್ದ. ವಾಸನೆ ಸುರುವಾದ ಮೇಲೆ ಅವನು ಬಾಗಿಲಿಗೂ ಬರಲಿಲ್ಲ. ಐಶ್ವರ್ಯ ಊದಿನಕಡ್ಡಿಯ ಪೊಟ್ಟಣ ತಂದುಕೊಟ್ಟು ದಿನಾ ಎರಡು ಹಚ್ಚಲು ಹೇಳಿದಳು. ಹೊದಿಕೆಯನ್ನು ಅವಳೂ ಎತ್ತಲಿಲ್ಲ.

ಒಂಬತ್ತನೆಯ ದಿನ ಜ್ವರ ಏರಿತು. ಡಾಕ್ಟರು ಬಂದು ಹೊದಿಕೆ ಸರಿಸಿದರು. ಗಾಯ ಮುಷ್ಟಿ ಹೋಗುವಷ್ಟು ಅಗಲವಾಗಿತ್ತು, ತಳದಲ್ಲಿ ಎಲುಬು ಬೆಳ್ಳಗೆ ಕಾಣುತ್ತಿತ್ತು. ಯಾರು ನೋಡಿಕೊಳ್ಳುತ್ತಿದ್ದರು ಎಂದು ಅವರು ಕೇಳಿದಾಗ ಸಂಜಯ ತಿಜೋರಿಯಿಂದ ಕಾಗದ ತಂದು ತೋರಿಸಿದ. ಡಾಕ್ಟರು ಕಾಗದ ನೋಡಲಿಲ್ಲ.

ಅಂದೇ ಗುರುಬಾಯಿಯನ್ನು ಅಂಗಳದಲ್ಲಿ ನಿಲ್ಲಿಸಿದರು. ಅವಳು ಕುಪ್ಪಸದ ತೋಳು ಮೇಲೇರಿಸಿ ಗುರುತುಗಳನ್ನು ತೋರಿಸಿದಳು. ಸಂಜಯ ಹೆಂಡತಿಯ ಕಡೆ ನೋಡಿದ. ಐಶ್ವರ್ಯ, ತನಗೆ ಇದು ಇವತ್ತೇ ಗೊತ್ತಾದದ್ದು ಎಂದಳು. ಹಾಗೆನ್ನುವಾಗ ಗುರುಬಾಯಿ ತೊಟ್ಟದ್ದು ಅವಳ ಕುಪ್ಪಸವೇ.

“ಟ್ರ್ಯಾಕ್ಟರ್ ಪಲ್ಟಿ ಮಾಡಿದವರ ಕಡೀಂದ ನಾ ನಷ್ಟ ಹಿಡ್ಕೋತೀನಿ,” ಎಂದ ಸಂಜಯ. “ಇದೂ ಹಂಗ. ಈ ತಿಂಗಳದ್ದು ಸಿಗಂಗಿಲ್ಲ. ಪೊಲೀಸರಿಗೆ ಕೊಡಲಿಲ್ಲಂತ ಖುಷಿ ಪಡು.”

ಪೊಲೀಸರಿಗೆ ಕೊಟ್ಟರೆ ಹೊದಿಕೆ ಯಾಕೆ ಎತ್ತಿ ನೋಡಲಿಲ್ಲ ಎಂಬ ಪ್ರಶ್ನೆ ತನಗೂ ಬರುತ್ತದೆಂದು ಅವನಿಗೆ ಗೊತ್ತಿತ್ತು. ಅದರ ಬದಲು ಅವಳ ಫೋಟೊ, ಗಾಯದ ಫೋಟೊ ಎರಡನ್ನೂ ವಾಟ್ಸಾಪಿಗೆ ಹಾಕಿದ. ಎರಡು ದಿನದಲ್ಲಿ ಅವು ಜಮಖಂಡಿ ದಾಟಿ ಮುಧೋಳಕ್ಕೆ ಹೋದವು. ಉಜ್ವಲಾಳಿಗೆ ತೋರಿಸಿದವರು ಅಂಗಡಿಯ ಮಾಲೀಕರು. ಅವಳು ಸಂಜೆಯ ಬಸ್ಸಿಗೇ ಬನಹಟ್ಟಿಗೆ ಬಂದಳು.

“ಅವ್ವಾ, ಹಿಂಗ ಆಗತೈತಂತ ನಿನಗ ಗೊತ್ತಿತ್ತೇನ?”

“ಗೊತ್ತಿತ್ತು.”

ಉಜ್ವಲಾ ಊಟ ಮಾಡಲಿಲ್ಲ. ಲೋಟದ ಮಾತು, ಕುಪ್ಪಸದ ಮಾತು ಎಲ್ಲವನ್ನೂ ಕೇಳಿಸಿಕೊಂಡು ಬೆಳಿಗ್ಗೆ ಹೊರಟುಹೋದಳು. ಮೂರು ವಾರಕ್ಕೆ ಬಸಗೊಂಡಪ್ಪ ಸತ್ತ. ಸುದ್ದಿ ತಿಳಿದ ದಿನ ಗುರುಬಾಯಿ ಸ್ನಾನ ಮಾಡಿದಳು, ಅಳಲಿಲ್ಲ.

ಕೆಲಸ ಎಲ್ಲೂ ಸಿಗಲಿಲ್ಲ. ಮಂಗಲಾಳ ಕಚೇರಿಗೆ ಹೋದರೆ ಅವಳು ಒಳಗೆ ಕರೆಯದೆ ಮೆಟ್ಟಿಲ ಮೇಲೆಯೇ ಮಾತಾಡಿದಳು. ಎಷ್ಟು ದಿನ ಹೊರಳಿಸಲಿಲ್ಲ ಎಂದು ಕೇಳಿದಳು. ಇವಳು ಒಂಬತ್ತು ಎಂದಳು. ಅವಳು ಬಾಗಿಲು ಹಾಕಿಕೊಂಡಳು. ಬನಹಟ್ಟಿಯಲ್ಲಿ ಕಂಡಿಕೆ ಸುತ್ತಲು ಹೋದರೆ, ಸುತ್ತಲು ಕೂತ ಹೆಂಗಸರು ಅವಳ ಪಕ್ಕದಿಂದ ಎದ್ದು ಬೇರೆ ಕಡೆ ಕೂತರು.

ಎಂಟು ತಿಂಗಳ ಮೇಲೆ ಐಶ್ವರ್ಯಳ ಫೋನು ಬಂತು. ಬಸಗೊಂಡಪ್ಪನ ತಂಗಿ ಶಿವಗಂಗವ್ವ ಬೀಳಗಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮಗ ಕರೆಪ್ಪನಿಗೆ ಏಜೆನ್ಸಿಯ ದರ ಕೇಳಿ ಬೇಡವಾಗಿತ್ತು, ನೇರ ಬರುವವರು ಯಾರಾದರೂ ಇದ್ದರೆ ಹೇಳೆಂದು ಜಮಖಂಡಿಗೆ ಕೇಳಿದ್ದ.

“ನಿನ್ನ ಹೆಸರ ಹೇಳೀನಿ,” ಎಂದಳು ಐಶ್ವರ್ಯ. “ಅಲ್ಲಿ ಯಾರಿಗೂ ನಿನ್ನ ಗುರುತಿಲ್ಲ. ಮಾವಾರು ಜ್ವರ ಬಂದು ಹೋದ್ರಂತ ಅಷ್ಟ ಅವ್ರಿಗೆ ಗೊತ್ತು. ಮೊದಲಿನಷ್ಟ ಸಿಗಂಗಿಲ್ಲ ನೋಡು, ಸ್ವಲ್ಪ ಕಡಿಮಿ.”

ಸಾವಿರ ಸಲ ಬೈದುಕೊಂಡಿದ್ದ ಆ ದನಿಗೆ ಗುರುಬಾಯಿ ಆಗಲಿರಿ ಅಕ್ಕಾರ ಎಂದಳು.

ಉಜ್ವಲಾಳಿಗೆ ತಿಳಿಸಿದಾಗ ಅವಳು ಬೇಡವೆಂದಳು. ಅಂಗಡಿಯ ಸಂಬಳದಲ್ಲಿ ತಿಂಗಳಿಗಿಷ್ಟು ಕಳಿಸುತ್ತೇನೆ, ಇನ್ನೊಬ್ಬ ಮುದುಕಿಯನ್ನು ಮುಟ್ಟಬೇಡ ಎಂದಳು. ಮಗಳ ಮಾತಿಗೆ ಗುರುಬಾಯಿಗೆ ಸಿಟ್ಟು ಬಂತು. ಗುರುವಾರ ಬೆಳಗಿನ ಬಸ್ಸು ಹತ್ತಿದಳು. ಅವಳು ಬಸ್ಸಿನಲ್ಲಿರುವಾಗಲೇ ಉಜ್ವಲಾ ಕರೆಪ್ಪನ ನಂಬರು ಹುಡುಕಿ, ಫೋನು ಮಾಡಿ, ಬಸಗೊಂಡಪ್ಪನಿಗೆ ಆದದ್ದನ್ನು ಒಂದೂ ಬಿಡದೆ ಹೇಳಿದಳು. ಗಾಯದ ಫೋಟೊವನ್ನೂ ಕಳಿಸಿದಳು. ಹೆತ್ತವ್ವನ ಮೇಲೆ ಚಾಡಿ ಹೇಳಿ ಅಂಗಡಿಯ ಹಿಂದೆ ನಿಂತು ಅತ್ತಳಂತೆ.

ಬೀಳಗಿಯ ಮನೆಯ ಕಟ್ಟೆಯ ಮೇಲೆ ಕರೆಪ್ಪ ಫೋನು ಹಿಡಿದು ಕೂತಿದ್ದ. ಗುರುಬಾಯಿ ಚೀಲ ಇಳಿಸುವ ಮೊದಲೇ ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳು ನೋಡಿ ಮುಖ ಕೆಳಗೆ ಮಾಡಿದಳು. ಮರಳಿ ಹೋಗುವ ಬಸ್ಸು ಎಷ್ಟಕ್ಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವನೇ ಮಾತಾಡಿದ.

“ನಿಮ್ಮ ಮಗಳು ಎಲ್ಲಾ ಹೇಳ್ಯಾಳ. ನನಗೂ ಬ್ಯಾರೆ ಯಾರೂ ಸಿಕ್ಕಿಲ್ಲ. ಆದ್ರ ಇಂಥಾದ್ದು ಗೊತ್ತಾದ ಮ್ಯಾಲೆ ಮಾತಾಡಿದಷ್ಟ ಕೊಡಾಕ ಬರಂಗಿಲ್ಲ. ಎರಡು ಸಾವಿರ ಕಡಿಮಿ. ಒಪ್ಪಿಗಿದ್ರ ಒಳಗ ಹೋಗ್ರಿ.”

ಗುರುಬಾಯಿ ಒಪ್ಪಿಗೆ ಎಂದಳು. ಕರೆಪ್ಪ ಕೋಣೆಯ ಕಡೆ ಕೈ ಮಾಡಿ ತೋರಿಸಿ ತನ್ನ ಮೋಟಾರು ಸೈಕಲ್ ತೆಗೆದ. ಒಳಗೆ ಶಿವಗಂಗವ್ವ, ತೆಳ್ಳನೆಯ ಮುದುಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಯಾರೋ ಬಂದದ್ದು ಕೇಳಿ, ಯಾರವಾ, ಬಾ, ಉಂಡಿಯೇನು ಎಂದು ಕೇಳಿದಳು. ಗುರುಬಾಯಿ ಚೀಲವನ್ನು ಮೂಲೆಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಬಿಸಿನೀರು ಕಾಸುವ ಒಲೆ ಎಲ್ಲಿದೆಯೆಂದು ನೋಡಲು ಹಿತ್ತಲಿಗೆ ಹೋದಳು.