ಬಾಗಿಗೆ ಕೊಟ್ಟ ಉತ್ತರ

ಪ್ರೇಮಾನಂದ ಮುಂಬಯಿ ಬಿಟ್ಟು ತಲ್ಲೂರಿಗೆ ಮರಳಿದ್ದು ೧೯೯೭ರಲ್ಲಿ. ಘಾಟ್ಕೋಪರಿನ ಹೋಟೆಲೊಂದರಲ್ಲಿ ಹದಿಮೂರು ವರ್ಷ ದುಡಿದವನು, ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ಹೆದ್ದಾರಿ ಪಕ್ಕದಲ್ಲಿ ಜಿನಸಿನ ಅಂಗಡಿ ಹಾಕಿದ. ಆದರೆ ಊರಿನವರ ಬಾಯಲ್ಲಿ ಅವನು ಅಂಗಡಿಯವನಾಗಲಿಲ್ಲ, ಕರಾಟೆ ಮಾಷ್ಟ್ರಾದ. ಶಾಲೆಯ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಏಳು ಮಕ್ಕಳಿಂದ ಶುರುವಾದ ತರಗತಿ ಎರಡೇ ವರ್ಷದಲ್ಲಿ ಅಂಗಳಕ್ಕೆ ಇಳಿಯಿತು. ಬಿಳಿ ಬಟ್ಟೆ ತೊಟ್ಟ ಐವತ್ತು ಮಕ್ಕಳು ಒಟ್ಟಿಗೆ ಕೂಗಿ ಮುಷ್ಟಿ ಚಾಚಿದರೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು. ಆ ನೋಟ ಪ್ರೇಮಾನಂದನಿಗೆ ಬೇಕಿತ್ತು. ಹೋಟೆಲಿನಲ್ಲಿ ಹದಿಮೂರು ವರ್ಷ ಅವನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ.

ನಿಜ ಹೇಳಬೇಕೆಂದರೆ ಅವನು ಕರಾಟೆಯನ್ನು ಆರಿಸಿಕೊಂಡವನಲ್ಲ. ಹೋಟೆಲಿನ ಹಿಂದಿನ ಕಟ್ಟಡದ ತಾರಸಿಯಲ್ಲಿ ಕರಾಟೆ ಕಲಿಸುತ್ತಿದ್ದರು, ಎರಡು ಮಾಳಿಗೆ ಹತ್ತಿದರೆ ಸಾಕಿತ್ತು, ಅದಕ್ಕೇ ಹೋದ. ಅಲ್ಲಿ ಕುಸ್ತಿ ಕಲಿಸುತ್ತಿದ್ದರೆ ಕುಸ್ತಿ ಕಲಿಯುತ್ತಿದ್ದನೋ ಏನೋ. ಅಲ್ಲಿಯ ಗುರು ಒಂದು ಮಾತು ಹೇಳಿದ್ದರು: ಎದುರಾಳಿ ಒಂದು ಕೈ ದೂರದಲ್ಲಿದ್ದಾಗ ನಮ್ಮ ವಿದ್ಯೆ, ಮೈಗೆ ಮೈ ತಾಗಿದ ಮೇಲೆ ಬೇರೆಯವರ ವಿದ್ಯೆ. ಊರಿಗೆ ಬಂದ ಮೇಲೆ ಪ್ರೇಮಾನಂದ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳುವ ಸಂದರ್ಭವೂ ಬರಲಿಲ್ಲ. ಆ ಸೀಮೆಯಲ್ಲಿ ಅವನ ವಿದ್ಯೆ ಬಿಟ್ಟರೆ ಇನ್ನೊಂದು ಇರಲಿಲ್ಲ.

ಚಂದ್ರಮತಿ ಬಂದದ್ದು ೨೦೦೬ರಲ್ಲಿ. ಹಾಲಾಡಿ ಕಡೆಯ ಹೆಣ್ಣು, ವ್ಯಾಯಾಮ ಶಿಕ್ಷಕಿ. ಹತ್ತಿರದ ಹೈಸ್ಕೂಲಿಗೆ ವರ್ಗವಾಗಿ ಬಂದಿದ್ದಳು. ಕಾಲೇಜಿನಲ್ಲಿದ್ದಾಗ ಜೂಡೊದಲ್ಲಿ ರಾಜ್ಯಮಟ್ಟಕ್ಕೆ ಹೋಗಿ ಬಂದವಳು. ಮುಚ್ಚಿಹೋದ ಹಂಚಿನ ಕಾರ್ಖಾನೆಯ ಒಂದು ಶೆಡ್ಡನ್ನು ಕೇಳಿ ಪಡೆದು, ನೆಲಕ್ಕೆ ಬೈಹುಲ್ಲು ಹಾಸಿ, ಅದರ ಮೇಲೆ ದಪ್ಪ ಟಾರ್ಪಾಲು ಎಳೆದು ಕಟ್ಟಿ, ಹೆಣ್ಣುಮಕ್ಕಳಿಗೆ ಕಲಿಸತೊಡಗಿದಳು. ಮೊದಲ ತಿಂಗಳು ಬರೀ ಬೀಳುವುದು. ಹಿಂದಕ್ಕೆ ಬೀಳುವುದು, ಪಕ್ಕಕ್ಕೆ ಬೀಳುವುದು, ಉರುಳಿ ಏಳುವುದು.

ಸುದ್ದಿ ಕೇಳಿ ಪ್ರೇಮಾನಂದ ನಕ್ಕ. ಬೀಳುವುದಕ್ಕೂ ಒಂದು ಕ್ಲಾಸು ಬೇಕೇ ಎಂದು ಅಂಗಡಿಗೆ ಬಂದವರ ಹತ್ತಿರ ಹೇಳಿದ. ಅವರೂ ನಕ್ಕರು. ಆದರೆ ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಅವನ ಅಂಗಳದಿಂದ ಹನ್ನೊಂದು ಹುಡುಗಿಯರು ಕಡಿಮೆಯಾಗಿದ್ದರು. ಅವನು ಸಾಮಾನು ತರಲು ಕುಂದಾಪುರಕ್ಕೆ ಹೋಗುವಾಗ ನೇರ ದಾರಿ ಬಿಟ್ಟು ಕಾರ್ಖಾನೆಯ ಮುಂದಿನಿಂದ ಸ್ಕೂಟರು ಓಡಿಸತೊಡಗಿದ. ಶೆಡ್ಡಿನ ಹೊರಗೆ ಬಿಟ್ಟ ಚಪ್ಪಲಿಗಳನ್ನು ಕಣ್ಣಲ್ಲೇ ಲೆಕ್ಕ ಹಾಕುವನು. ಇಪ್ಪತ್ತು ಜೊತೆ ಇದ್ದ ದಿನ ಊಟ ಸೇರುತ್ತಿರಲಿಲ್ಲ. ಹತ್ತೇ ಇದ್ದ ದಿನ ಮನೆಗೆ ಬಂದು ಮಗಳ ಜೊತೆ ತಮಾಷೆ ಮಾಡುವನು.

ಒಂದು ಸಂಜೆ ಸ್ಕೂಟರು ನಿಲ್ಲಿಸಿ ಶೆಡ್ಡಿನ ಹಿಂದಿನ ಒಡೆದ ಕಿಟಕಿಯಿಂದ ಇಣುಕಿದ. ಕಡ್ಡಿಯಂಥ ಒಬ್ಬ ಹುಡುಗಿಯನ್ನು ಅವಳಿಗಿಂತ ಎರಡರಷ್ಟು ತೂಕದವಳು ಹಿಂದಿನಿಂದ ಬಾಚಿ ಹಿಡಿದಿದ್ದಳು. ತೆಳ್ಳನೆಯವಳು ಸೊಂಟವನ್ನು ಚೂರು ತಗ್ಗಿಸಿ, ಹಿಡಿದ ತೋಳನ್ನೇ ಎಳೆದು ಮುಂದಕ್ಕೆ ಬಾಗಿದಳು. ದಪ್ಪನೆಯವಳು ಗಾಳಿಯಲ್ಲಿ ತಿರುಗಿ ಟಾರ್ಪಾಲಿನ ಮೇಲೆ ಬಿದ್ದಳು. ಬಿದ್ದವಳು ನಗುತ್ತ ಎದ್ದಳು. ಇಪ್ಪತ್ತು ವರ್ಷ ಮೈ ದಂಡಿಸಿದವನಿಗೆ ಅದರ ಬೆಲೆ ಗೊತ್ತಾಗದೆ ಇರಲಿಲ್ಲ. ಎಷ್ಟು ಚೆಂದ ಅನ್ನಿಸಿತು. ಅನ್ನಿಸಿದ ಮರುಕ್ಷಣವೇ ಎದೆಯಲ್ಲಿ ಕೆಂಡ ತುಂಬಿದ ಹಾಗಾಯಿತು. ಕಳಪೆ ವಿದ್ಯೆಯಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆ ವರ್ಷ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಅವನು ಹಂಚು ಒಡೆಯುವ ಪ್ರದರ್ಶನ ಇಟ್ಟ. ಹತ್ತು ಹಂಚು ಒಂದರ ಮೇಲೊಂದು ಪೇರಿಸಿ ಒಂದೇ ಏಟಿಗೆ ಪುಡಿ ಮಾಡಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚಂದ್ರಮತಿಯೂ ಹೊಡೆದಳು. ವೇದಿಕೆಯ ಹಿಂದೆ ಬಂದು, ಇಷ್ಟು ಸಾಧನೆಗೆ ಎಷ್ಟು ವರ್ಷದ ಕಷ್ಟವೋ, ತನ್ನ ಹುಡುಗಿಯರಿಗೂ ಒಮ್ಮೆ ಬಂದು ತೋರಿಸಬೇಕು ಎಂದು ಕೇಳಿಕೊಂಡಳು. ಅವನು ಕಾಂಬ, ನೋಡುವ ಎಂದಷ್ಟೇ ಹೇಳಿ ಮುಖ ತಿರುಗಿಸಿದ. ಅವಳು ಹೊಟ್ಟೆಕಿಚ್ಚು ಪಟ್ಟಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತು. ಹೊಗಳಿದಳಲ್ಲ, ಅದಕ್ಕೆ ಏನು ಮಾಡುವುದು?

ಮಗಳು ಸುಪ್ರೀತಾಳಿಗೆ ಆಗ ಹದಿನಾಲ್ಕು. ಅಪ್ಪನ ಬಳಿ ಬ್ರೌನ್ ಬೆಲ್ಟ್ ತನಕ ಕಲಿತವಳು. ಜೂಡೊ ಕಲಿಯುತ್ತೇನೆ ಎಂದು ಒಮ್ಮೆ ಕೇಳಿದಳು. "ಬೀಳುದ್ ಕಲಿಯುಕೆ ಅಲ್ಲಿಗ್ ಹೋಯ್ಕಾ? ಗೆದ್ದಿ ಕಂಟದಲ್ಲ್ ಓಡು, ತನ್ನಿಂತಾನೆ ಬೀಳ್ತೆ" ಎಂದು ಗದ್ದೆಯ ಬದುವಿನ ಕಡೆ ಕೈ ತೋರಿಸಿದ. ಅವಳು ಮತ್ತೆ ಕೇಳಲಿಲ್ಲ. ಆದರೆ ಭಾನುವಾರ ಮೊದಲ ಸಾಲಿನಲ್ಲಿ ನಿಂತು ಕಟಾ ಎಂಬ ಹೆಜ್ಜೆ-ಹೊಡೆತಗಳ ಸರಣಿಯನ್ನು ತಪ್ಪಿಲ್ಲದೆ ಮಾಡುವಾಗ ಅವಳ ಕಣ್ಣು ಎಲ್ಲೋ ಇರುತ್ತಿತ್ತು. ಅದು ಎಲ್ಲಿರುತ್ತಿತ್ತೆಂದು ಅಪ್ಪನಿಗೆ ಗೊತ್ತಿತ್ತು.

ಹೀಗಿರುವಾಗ ೨೦೦೯ರ ದೀಪಾವಳಿ ಕಳೆದ ಮೇಲೆ ಬಾಗಿ ಬಂದು ಒಂದು ಪ್ರಶ್ನೆ ಕೇಳಿದಳು.

ಬಾಗಿ ಮರವಂತೆಯವಳು, ವಯಸ್ಸು ಮೂವತ್ತೈದರ ಆಚೀಚೆ. ಗಂಡ ನಾಗ, ಮೀನಿನ ಬೋಟಿಗೆ ಹೋದರೆ ವಾರಗಟ್ಟಲೆ ಕಡಲಲ್ಲೇ. ಬಾಗಿ ಬೆಳಿಗ್ಗೆ ಮೀನು ತೆಗೆದುಕೊಂಡು ಬಸ್ಸಿನಲ್ಲಿ ತಲ್ಲೂರಿಗೆ ಬಂದು, ಬುಟ್ಟಿ ಹೊತ್ತು ಮನೆಮನೆಗೆ ಮಾರುವಳು. ಪ್ರೇಮಾನಂದನ ಮನೆಗೆ ಎಂಟು ವರ್ಷದಿಂದ ಅವಳದೇ ಬಂಗುಡೆ. ಗಿಡ್ಡ ಆಳು, ಗಟ್ಟಿ ತೋಳು, ಜೋರು ಬಾಯಿ. ಆ ದಿನ ಮಾತ್ರ ಬುಟ್ಟಿ ಇಳಿಸಿ, ಆಚೀಚೆ ನೋಡಿ, ಸ್ವರ ತಗ್ಗಿಸಿ ಮಾತಾಡಿದಳು. ತೆಂಗಿನ ತೋಟದ ನಡುವಿನ ಓಣಿಯಲ್ಲಿ ಒಬ್ಬ ತಿಂಗಳಿಂದ ಕಾಟ ಕೊಡುತ್ತಿದ್ದ. ಮೊದಲು ಬರೀ ಮಾತು. ಈಗ ಎರಡು ಸಲ ಹಿಂದಿನಿಂದ ಬಂದು ತಬ್ಬಿ ಹಿಡಿದಿದ್ದ. ಬುಟ್ಟಿ ಚೆಲ್ಲಿ, ಕೂಗಿ, ಹೇಗೋ ಬಿಡಿಸಿಕೊಂಡಿದ್ದಳು. ಗಂಡನಿಗೆ ಹೇಳಿದರೆ ಕೊಲೆಯಾದೀತೆಂಬ ಹೆದರಿಕೆ. ಬೇರೆ ದಾರಿ ಹಿಡಿದರೆ ಹತ್ತು ಮನೆ ತಪ್ಪುತ್ತದೆ.

"ಮಾಷ್ಟ್ರೆ, ಅವ ಎದ್ರಿಂದ ಬತ್ತಿಲ್ಲೆ, ಹಿಂದಿಂದ್ಲೇ ಬಂದ್ ಹಿಡ್ಕಂತ. ನಂಗ್ ಯಾವ್ದ್ ಕಲ್ತ್ರೆ ಒಳ್ಳೇದ್? ನಿಮ್ದಾ, ಆ ಟೀಚರ್ದಾ? ನೀವ್ ಹೇಳ್ದಾಂಗ್ ಮಾಡ್ತೆ."

ಉತ್ತರ ಅವನ ನಾಲಗೆಯ ತುದಿಯಲ್ಲೇ ಇತ್ತು. ಗಿಡ್ಡ ಮೈ, ಭಾರ ಹೊತ್ತು ಗಟ್ಟಿಯಾದ ಸೊಂಟ, ಉಟ್ಟದ್ದು ಸೀರೆ, ಹಿಡಿಯುವವನು ಹಿಂದಿನಿಂದ. ಒಡೆದ ಕಿಟಕಿಯಿಂದ ಕಂಡದ್ದು ಕಣ್ಣ ಮುಂದೆ ಬಂತು. ಜೊತೆಗೇ ಇನ್ನೊಂದೂ ಕಂಡಿತು: ತನ್ನ ಅಂಗಳದಿಂದ ಎದ್ದು ಬಾಗಿಯೂ ಆ ಶೆಡ್ಡಿನ ಕಡೆ ನಡೆಯುವುದು, ಮಾಷ್ಟ್ರೇ ಕಳುಹಿಸಿದರು ಎಂದು ಚಂದ್ರಮತಿಗೆ ಹೇಳುವುದು, ಅವಳು ಮೆಲ್ಲಗೆ ನಗುವುದು.

"ಕರಾಟೆಯೇ ಒಳ್ಳೇದ್. ನಾಳೆಯಿಂದ ಬಾ" ಎಂದ.

ಬಾಗಿ ನಂಬಿದಳು. ಮೀನು ಮಾರಿ ಮುಗಿಸಿ, ತನ್ನ ಮಗಳ ಚೂಡಿದಾರ ತೊಟ್ಟು, ವಾರಕ್ಕೆ ಮೂರು ಮಧ್ಯಾಹ್ನ ಅವನ ಅಂಗಳದಲ್ಲಿ ಬೆವರು ಸುರಿಸಿದಳು. ಅವನೂ ಮನಸ್ಸಿಟ್ಟು ಕಲಿಸಿದ. ತಿರುಗುವುದು, ಮೊಣಕೈಯಿಂದ ತಿವಿಯುವುದು, ಕಾಲೆತ್ತಿ ಒದೆಯುವುದು. ಎರಡು ತಿಂಗಳಲ್ಲಿ ಅವಳ ಒದೆತಕ್ಕೆ ಮರಳಿನ ಚೀಲ ಅಲ್ಲಾಡತೊಡಗಿತು. ಊರಿನವರು ನಿಂತು ನೋಡಿದರು. ಮೀನಿನ ಬಾಗಿಗೂ ಕಲಿಸಿದ ಮಾಷ್ಟ್ರು ಎಂದು ಹೆಸರಾಯಿತು. ತಾನು ಹೇಳಿದ್ದೇ ಸರಿ ಎಂದು ಪ್ರೇಮಾನಂದ ತನಗೆ ತಾನೇ ಹೇಳಿಕೊಳ್ಳಲು ಕಲಿತ.

ಜನವರಿ ಕೊನೆಯ ಒಂದು ಬೆಳಿಗ್ಗೆ, ಹತ್ತು ಗಂಟೆಯ ಬಿಸಿಲಿನಲ್ಲಿ, ಅದೇ ಓಣಿಯಲ್ಲಿ ಆ ಮನುಷ್ಯ ಮತ್ತೆ ಬಂದ. ಹಿಂದಿನಿಂದ ಎರಡೂ ತೋಳು ಸೇರಿಸಿ ಹಿಡಿದ. ತಿವಿಯಲು ಮೊಣಕೈಗೆ ಎಡೆಯಿರಲಿಲ್ಲ. ಬಾಗಿ ಕೊಸರಿಕೊಂಡು ಅರ್ಧ ತಿರುಗಿ, ಕಲಿತಂತೆ ಕಾಲೆತ್ತಿದಳು. ಸೀರೆ ಮೊಣಕಾಲಿಗೆ ಬಿಗಿಯಿತು. ಬುಟ್ಟಿಯ ನೀರು ಚೆಲ್ಲಿದ್ದ ಓಣಿಯ ಕೆಂಪು ಮುರಕಲ್ಲಿನ ಮೇಲೆ ಇನ್ನೊಂದು ಕಾಲು ಜಾರಿತು. ಕೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು. ಯಾರದೋ ಸ್ಕೂಟರಿನ ಸದ್ದು ಕೇಳಿ ಅವನು ಓಡಿಹೋದದ್ದರಿಂದ ಅಷ್ಟಕ್ಕೇ ಮುಗಿಯಿತು.

ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದವಳನ್ನು ನೋಡಲು ಪ್ರೇಮಾನಂದ ಆಸ್ಪತ್ರೆಗೆ ಹೋದ. ಬಾಗಿ ಅವನನ್ನು ದೂರಲಿಲ್ಲ. ತಾನೇ ಸರಿಯಾಗಿ ಅಭ್ಯಾಸ ಮಾಡಲಿಲ್ಲ, ಮಾಷ್ಟ್ರ ಹೆಸರು ಕೆಡಿಸಿದೆ ಎಂದು ಅತ್ತಳು. ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದರೆ ಸುಪ್ರೀತಾ ಬಾಗಿಲಲ್ಲೇ ನಿಂತಿದ್ದಳು.

"ಅಪ್ಪಯ್ಯ, ಟೀಚರ್ ಮೊದ್ಲ್ ಕಲ್ಸುದೇ ಅದ್ ಅಂಬ್ರ್. ಬೀಳುವಾಗ ಕೈ ಊರುಕಾಗ ಅಂದೇಳಿ."

ಹೇಳಿ ಒಳಗೆ ಹೋದಳು. ಅವನು ಆ ವಾರ ತರಗತಿ ಮಾಡಲಿಲ್ಲ. ಆ ಮನುಷ್ಯನನ್ನು ಊರಿನವರೇ ಹುಡುಕಿ ಪೊಲೀಸರಿಗೆ ಒಪ್ಪಿಸಿದರು. ಹುಡುಕುವುದಕ್ಕೆ ಎಲ್ಲರಿಗಿಂತ ಮುಂದೆ ಇದ್ದವನು ಪ್ರೇಮಾನಂದ. ಆದರೂ ಎದೆಯ ಭಾರ ಇಳಿಯಲಿಲ್ಲ. ಹಿಡಿದವನು ಒಬ್ಬ, ಬೀಳಿಸಿದವನು ಇನ್ನೊಬ್ಬ ಎಂದು ಅವನಿಗೆ ತಿಳಿದಿತ್ತು.

ಪ್ಲಾಸ್ಟರು ತೆಗೆದ ಮೇಲೆ ಮರವಂತೆಗೆ ಹೋದ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವಿನ ರಸ್ತೆಯಂಚಿನ ಮನೆ. ಬಾಗಿ ಜಗಲಿಯಲ್ಲಿ ಕೂತು ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ಚಾ ಮಾಡುತ್ತೇನೆಂದು ಎದ್ದವಳನ್ನು ಅವನು ಕೂರಿಸಿದ.

"ನೀನ್ ಕೇಂಡ ದಿನ ನಂಗ್ ಗೊತ್ತಿದ್ದಿತ್ ಬಾಗಿ. ಹಿಂದಿಂದ ಹಿಡ್ಕಂಬರಿಗೆ ಟೀಚರ್ ವಿದ್ಯೆಯೇ ಸಮ. ಗೊತ್ತಿದ್ದೇ ಸುಳ್ಳ್ ಹೇಳ್ದೆ. ನೀನೂ ಅಲ್ಲಿಗ್ ಹೋಪುದ್ ನಂಗ್ ಕಾಂಬುಕಾಯ್ಲಿಲ್ಲೆ."

ಬಾಗಿ ಅಕ್ಕಿಯ ಗೆರಸೆ ಕೆಳಗಿಟ್ಟಳು. "ನನ್ ಕೈ ಮುರ್ದದ್ದ್ ನಿಮ್ಮ ಹೊಟ್ಟೆಕಿಚ್ಚಿಗಾ ಮಾಷ್ಟ್ರೆ?" ಎಂದು ಕೇಳಿದಳು. ಅವನು ಹೌದೆಂದ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಂದೆ ಒಂದೂವರೆ ವರ್ಷ ಅವಳ ಬುಟ್ಟಿ ಅವನ ಅಂಗಳದಲ್ಲಿ ಇಳಿಯಲಿಲ್ಲ.

ಅಲ್ಲಿಂದ ನೇರ ಹಂಚಿನ ಕಾರ್ಖಾನೆಗೆ ಹೋದ. ಚಂದ್ರಮತಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಡಾಕ್ಟರು ಒಪ್ಪಿದ ದಿನ ಬಾಗಿಯನ್ನು ಕಳುಹಿಸಿ, ಸೀರೆಯಲ್ಲೇ ಬರಲಿ, ಸೀರೆಯಲ್ಲೇ ಕಲಿಯಬೇಕಾದದ್ದು ಎಂದಳು. ಬಾಗಿಯ ಬಳಿಗೆ ಅವನು ಇನ್ನು ಹೋಗುವಂತಿರಲಿಲ್ಲ; ಸುಪ್ರೀತಾಳ ಕೈಯಲ್ಲಿ ಹೇಳಿ ಕಳುಹಿಸಿದ. ಎರಡು ತಿಂಗಳ ಮೇಲೆ ಬಾಗಿ ಶೆಡ್ಡಿಗೆ ಹೋದಳು. ಅವಳ ಜೊತೆ, ಅಪ್ಪನನ್ನು ಕೇಳದೆಯೇ, ಸುಪ್ರೀತಾಳೂ ಹೋದಳು. ಅವನು ತಡೆಯಲಿಲ್ಲ.

ಚಂದ್ರಮತಿ ಇನ್ನೊಂದು ಕೆಲಸ ಮಾಡಿದಳು. ಹಿಡಿತಕ್ಕೆ ಸಿಗುವ ಮೊದಲೇ ದೂರ ಕಾಯ್ದುಕೊಳ್ಳುವುದನ್ನು ತನ್ನ ಹುಡುಗಿಯರಿಗೆ ಕಲಿಸಬೇಕು ಎಂದು ಶನಿವಾರಗಳಿಗೆ ಅವನನ್ನೇ ಕರೆದಳು. ಅವನು ಹೋದ. ಹೋಗಿ ಕಲಿಸಿದ. ಆದರೆ ಹುಡುಗಿಯರು ಅವನು ಹೇಳಿದ್ದನ್ನು ಮಾಡುವ ಮೊದಲು ಒಮ್ಮೆ ಟೀಚರ ಮುಖ ನೋಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ಹಳೆಯ ಕೆಂಡ ಬೂದಿಯೊಳಗಿನಿಂದ ಮಿಣುಕುತ್ತಿತ್ತು. ತಪ್ಪು ಒಪ್ಪಿಕೊಂಡರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಅವನು ತಿಳಿದಿದ್ದ, ಹೋಗಲಿಲ್ಲ. ಅದು ಇರುವಾಗಲೇ ಬಾಯಿಗೆ ಬರುವ ಮಾತನ್ನು ಹಿಡಿದು ನಿಲ್ಲಿಸುವುದಷ್ಟೇ ಅವನಿಂದಾಯಿತು.

೨೦೧೧ರ ನವೆಂಬರಿನಲ್ಲಿ ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ, ಹಾಡಹಗಲು, ಬಸ್ಸು ಹತ್ತುತ್ತಿದ್ದ ಬಾಗಿಯನ್ನು ಕುಡಿದವನೊಬ್ಬ ಹಿಂದಿನಿಂದ ಬಳಸಿ ಹಿಡಿದ. ನೋಡಿದವರು ಹೇಳುವಂತೆ ಅವಳು ಕೂಗಲೂ ಇಲ್ಲ. ಸೊಂಟ ತಗ್ಗಿಸಿದಳು, ಬಾಗಿದಳು; ಅವನು ಅವಳ ಬೆನ್ನಿನ ಮೇಲಿಂದ ಹಾರಿ ಬಸ್ಸಿನ ಮುಂದೆ ಅಂಗಾತ ಬಿದ್ದ. ಬಿದ್ದವನನ್ನು ಕಂಡಕ್ಟರು ಹಿಡಿದುಕೊಂಡ. ಸುದ್ದಿ ಬಸ್ಸಿಗಿಂತ ಮೊದಲು ತಲ್ಲೂರು ಮುಟ್ಟಿತು: ಮೀನಿನ ಬಾಗಿ ಕರಾಟೆಯಲ್ಲಿ ಒಬ್ಬನನ್ನು ಎತ್ತಿ ಎಸೆದಳಂತೆ.

ಊರಿನ ಹೋಟೆಲಿನಲ್ಲಿ ಪ್ರೇಮಾನಂದನಿಗೆ ಕುರ್ಚಿ ಬಿಟ್ಟುಕೊಟ್ಟರು. ಚಾ ತರಿಸಿದರು. ಭೋಜರಾಜ ಎಂಬ ಹೋಟೆಲಿನ ಯಜಮಾನ, ನಿಮ್ಮ ವಿದ್ಯೆ ಸಾರ್ಥಕವಾಯಿತು ಎಂದು ಕೈಹಿಡಿದ. ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದ ಮಾತು ಅದು. ಪ್ರೇಮಾನಂದ ಚಾ ಕುಡಿದ. ಅದು ಜೂಡೊ ಎಂದು ಮೂರು ದಿನ ಯಾರನ್ನೂ ತಿದ್ದಲಿಲ್ಲ. ಶನಿವಾರ ಶೆಡ್ಡಿಗೆ ಹೋದಾಗ ಚಂದ್ರಮತಿಗೂ ಊರಿನ ಮಾತು ತಲುಪಿತ್ತು, ಅವಳ ಮುಖ ಎಂದಿನಷ್ಟು ತಿಳಿಯಾಗಿರಲಿಲ್ಲ. ಅವಳಲ್ಲಿಯೂ ಆ ಉರಿ ಇದೆ ಎಂದು ಅವನಿಗೆ ಮೊದಲ ಬಾರಿಗೆ ಕಂಡಿತು. ಇಷ್ಟು ವರ್ಷ ಅದನ್ನು ಕಾಣಬೇಕೆಂದು ಆಸೆಪಟ್ಟವನಿಗೆ ಈಗ ಅದು ಹಿಡಿಸಲಿಲ್ಲ.

ಸೋಮವಾರ ಬೆಳಿಗ್ಗೆ ಹೋಟೆಲಿಗೆ ಹೋಗಿ ತುಂಬಿದ ಜನರ ನಡುವೆ, ಅದು ತನ್ನ ವಿದ್ಯೆಯಲ್ಲ, ಟೀಚರದು, ತನ್ನ ವಿದ್ಯೆಯಿಂದ ಬಾಗಿಯ ಕೈ ಮುರಿದಿತ್ತು ಎಂದ. ಜನ ಅದನ್ನು ವಿನಯ ಎಂದುಕೊಂಡರು. ದೊಡ್ಡವರ ಮಾತೇ ಹಾಗೆ ಎಂದು ಭೋಜರಾಜ ಎಲ್ಲರಿಗೂ ಕೇಳುವಂತೆ ಹೊಗಳಿದ. ಎಷ್ಟು ಬಿಡಿಸಿ ಹೇಳಿದರೂ ಯಾರೂ ನಂಬಲಿಲ್ಲ.

ಆಗ ಹೊರಗೆ ಮೆಟ್ಟಿಲ ಬಳಿ ಬುಟ್ಟಿ ಇಳಿಸಿ ನಿಂತಿದ್ದ ಬಾಗಿ ಒಳಗೆ ಇಣುಕಿದಳು. ಒಂದೂವರೆ ವರ್ಷದ ಮೇಲೆ ಅವನ ಮುಖ ನೋಡಿ ಮಾತಾಡಿದಳು.

"ಹ್ವಾಯ್, ಅವ್ರ್ ಹೇಳುದ್ ಸಮ. ಅದ್ ಮಾಷ್ಟ್ರ್ ಕಲ್ಸದ್ದಲ್ಲ. ಮಾಷ್ಟ್ರ್ ಟೀಚರ್ ಹತ್ರ ಕಳ್ಸದ್ದ್."

ಬಾಗಿ ಸೆರಗನ್ನು ಸಿಂಬಿಯಾಗಿ ಸುತ್ತಿ ಬುಟ್ಟಿಯನ್ನು ತಲೆಗೇರಿಸಿಕೊಂಡಳು. ಇವತ್ತು ಒಳ್ಳೆಯ ಬಂಗುಡೆ ಇದೆ, ಮನೆಯಲ್ಲಿ ಸುಪ್ರೀತಾ ಇದ್ದಾಳೋ ಎಂದು ಕೇಳಿದಳು. ಇದ್ದಾಳೆ ಎಂದು ಪ್ರೇಮಾನಂದ ಹೇಳುವಷ್ಟರಲ್ಲಿ ಅವಳು ಅವನ ಮನೆಯ ಓಣಿಗೆ ತಿರುಗಿಯಾಗಿತ್ತು.